ಮೇಷ್ಟ್ರು ಹೊಡೆದುಹಾಕಿದ ಸಾಲು

ಬೆಳಿಗ್ಗೆ ಎದ್ದು ಹಿತ್ತಿಲ ಬಾಗಿಲು ತೆಗೆದರೆ ಕೋಳಿಗೂಡು ಇರಲಿಲ್ಲ. ಕೋಳಿಗಳಿದ್ದವು. ಮೆಟ್ಟಿಲ ಮೇಲೆ ಸಾಲಾಗಿ ಕೂತು, ತಪ್ಪೆಲ್ಲ ನಿನ್ನದೇ ಎಂಬ ಮುಖ ಮಾಡಿಕೊಂಡು ಎವಾರಿಸ್ತೊ ಮೇಷ್ಟ್ರನ್ನು ನೋಡಿದವು. ನಿನ್ನೆ ಸಂಜೆಯವರೆಗೆ ಗೂಡು ನಿಂತಿದ್ದ ಜಾಗದಲ್ಲಿ ನೆಲವೇ ಇರಲಿಲ್ಲ. ದಂಡೆ ಹಸಿಹಸಿಯಾಗಿ ಕುಸಿದುಹೋಗಿತ್ತು, ಅದರಡಿ ಸಮುದ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕಲ್ಲು ನೆಕ್ಕುತ್ತ ಮಲಗಿತ್ತು. ಗೂಡು ಹೋಯಿತೆಂದರೆ ಮುಂದಿನ ಸರದಿ ಅಡುಗೆಮನೆಯದು. ಅದರ ಮೂಲೆಗಂಬಕ್ಕೂ ದಂಡೆಯ ಅಂಚಿಗೂ ನಡುವೆ ಈಗ ಒಂದು ಹಾಸಿಗೆ ಹಾಸುವಷ್ಟು ಜಾಗ ಉಳಿದಿತ್ತು. ಚಂದ್ರ ದಿನದಿನಕ್ಕೆ ತುಂಬುತ್ತಿದ್ದ. ಹುಣ್ಣಿಮೆಯ ಉಬ್ಬರ ಬಂತೆಂದರೆ ಅವ್ವ ಕಣ್ಣು ಮುಚ್ಚಿದ ಕೋಣೆ, ಅಪ್ಪ ಕೈಯಾರೆ ಮೀನಿನ ಪೊರೆಯಂತೆ ಹಲಗೆಚೂರು ಹೊದಿಸಿದ ಗೋಡೆ, ಎಲ್ಲವೂ ನೀರಿಗೆ. ಇದು ಮೇಷ್ಟ್ರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ನೋಡಿ, ಅವರ ತಲೆಗೆ ಮೊದಲು ಬಂದ ಯೋಚನೆ ಮನೆ ಉಳಿಯುತ್ತದೋ ಇಲ್ಲವೋ ಎಂಬುದಲ್ಲ, ಗೂಡು ತೇಲಿಹೋದದ್ದನ್ನು ಯಾರಾದರೂ ಕಂಡರೋ ಎಂಬುದು. ಬಾಗಿಲ ಸಂದಿಯಿಂದ ಅತ್ತಿತ್ತ ನೋಡಿದರು. ಆಮೇಲೆ ಕೋಳಿಗಳನ್ನೆಲ್ಲ ಒಳಗೆ ಕರೆದು, ಊಟದ ಮೇಜಿನ ಕೆಳಗೆ ಹಳೆಯ ಕಂಬಳಿ ಹಾಸಿ, ಯಾರಿಗೂ ಹೇಳಬೇಡಿ ಅನ್ನುವ ಧಾಟಿಯಲ್ಲಿ ಅವಕ್ಕೆ ಕಾಳು ಹಾಕಿದರು.

ಹಾಗಂತ ಮನೆ ನೀರು ಪಾಲಾಗಲೇಬೇಕೆಂದೇನೂ ಇರಲಿಲ್ಲ. ಈ ದ್ವೀಪದಲ್ಲಿ ಮನೆಯೆಂಬುದು ಬೇರು ಬಿಟ್ಟ ವಸ್ತುವಲ್ಲ. ಅಣ್ಣತಮ್ಮಂದಿರು ಜಗಳವಾಡಿದರೆ ಒಬ್ಬ ಮನೆ ಎಳೆದುಕೊಂಡು ಹೋಗುತ್ತಾನೆ, ರಾಜಿಯಾದರೆ ಎಳೆದುಕೊಂಡು ವಾಪಸ್ಸು ಬರುತ್ತಾನೆ. ಮನೆಯ ಕೆಳಗೆ ಮರದ ದಿಮ್ಮಿಗಳನ್ನು ಕೊಟ್ಟು, ಹಗ್ಗ ಬಿಗಿದು, ಎತ್ತು ಹೂಡಿ, ಊರಿಗೆ ಊರೇ ಹೆಗಲು ಕೊಟ್ಟರೆ ಗುಡ್ಡವನ್ನೂ ದಾಟಿಸುತ್ತಾರೆ. ಇದಕ್ಕೆ ಮಿಂಗ ಎಂದು ಹೆಸರು. ಮುಯ್ಯಾಳಿನ ಕೆಲಸ, ಕೂಲಿ ಇಲ್ಲ, ಮನೆಯವರು ಹೊಟ್ಟೆತುಂಬ ಊಟ ಹಾಕಿ ಸೇಬಿನ ಹುಳಿಹೆಂಡ ಕುಡಿಸಿದರಾಯಿತು. ಒಂದೇ ಒಂದು ಕಟ್ಟಳೆ: ಮನೆಯ ಯಜಮಾನ ತಾನೇ ಬಾಗಿಲು ಬಾಗಿಲಿಗೆ ಹೋಗಬೇಕು, ಒಲೆಯ ಪಕ್ಕ ಕೂರಬೇಕು, ಗಾಳಿ ಮಳೆಯ ಮಾತಾಡಬೇಕು, ಕೊನೆಗೆ ಬಾಯಿ ಬಿಟ್ಟು ಕೇಳಬೇಕು. ಬೇರೆಯವರ ಬಾಯಲ್ಲಿ ಕೇಳಿಸಿದರೆ ಕೇಳಿದಂತಲ್ಲ. ಹಾಗೆ ಕೇಳಿದವನಿಗೆ ಇಲ್ಲವೆಂದವರು ಈ ದ್ವೀಪದಲ್ಲಿ ಹುಟ್ಟಿಲ್ಲ, ಕೇಳದವನ ಮನೆಗೆ ಹಗ್ಗ ಕಟ್ಟಿದವರೂ ಹುಟ್ಟಿಲ್ಲ. ಮೇಷ್ಟ್ರ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು ಇದೇ. ಊರಿನ ಅರ್ಜಿಗಳನ್ನೆಲ್ಲ ಬರೆಯುವವರು ಅವರು. ದೋಣಿಗಟ್ಟೆ ಬೇಕೆಂದು, ವಿಧವೆಗೆ ಮಾಸಾಶನ ಬೇಕೆಂದು ಅವರು ಬರೆದರೆ ಕಾಸ್ತ್ರೊ ಪೇಟೆಯ ಕಚೇರಿಯಲ್ಲಿ ಗುಮಾಸ್ತರು ಕಣ್ಣೊರೆಸಿಕೊಳ್ಳುತ್ತಾರೆಂದು ಜನ ಹೇಳುತ್ತಾರೆ. ಬೇರೆಯವರಿಗಾಗಿ ಇಷ್ಟೆಲ್ಲ ಕೇಳಿದ ಕೈಗೆ ತನಗಾಗಿ ಒಂದು ಬಾಗಿಲು ಬಡಿಯಲು ಆಗುತ್ತಿರಲಿಲ್ಲ. ಬಡಿಯಲು ಹೊರಟರೆ ಅದು ಮೆಲ್ಲಗೆ ಜೇಬಿನೊಳಗೆ ಹೋಗಿ ಕೂರುತ್ತಿತ್ತು.

ಶಾಲೆಯ ದಾರಿಯಲ್ಲಿ ಜಿನುಗುಮಳೆ. ಇವತ್ತು ಶುಕ್ರವಾರ, ಮಕ್ಕಳು ತಾವು ಕಲ್ಪಿಸಿ ಬರೆದ ನಾಡುಗಳ ಫಲಿತಾಂಶ ಹೇಳುವ ದಿನ, ಅದನ್ನು ನೆನೆದೊಡನೆ ಮೇಷ್ಟ್ರ ಬೆನ್ನು ತಾನೇ ನೆಟ್ಟಗಾಯಿತು. ಈ ಪಾಠ ಅವರ ಸ್ವಂತ ಸೃಷ್ಟಿ. ಇಲಾಖೆಯ ಪುಸ್ತಕದಲ್ಲಿ ಮನವೊಲಿಸುವ ಬರವಣಿಗೆ ಎಂಬ ಅಧ್ಯಾಯವಿದೆ. ಅದರ ಪ್ರಕಾರ ಮಕ್ಕಳು ಹಲ್ಲುಜ್ಜುವುದರ ಪ್ರಯೋಜನಗಳನ್ನು ಕುರಿತು ಬರೆಯಬೇಕು. ಬರೆದರು. ಓದಿದರೆ ಹಲ್ಲು ಉದುರುವಂತಿತ್ತು. ಆಮೇಲೆ ಒಂದು ದಿನ ಮೇಷ್ಟ್ರು ಪುಸ್ತಕ ಮುಚ್ಚಿ, ದ್ವೀಪದಲ್ಲಿ ನಿಮಗೆ ಬೇಕಾದ ಒಬ್ಬ ಮನುಷ್ಯನನ್ನು ಆರಿಸಿಕೊಳ್ಳಿ ಅಂದರು. ಅವನಿಗೆ ಇಲ್ಲಿ ಏನು ಕೊರತೆ, ಅವನು ರಾತ್ರಿ ಯಾವುದಕ್ಕೆ ನಿಟ್ಟುಸಿರು ಬಿಡುತ್ತಾನೆ, ಪತ್ತೆ ಮಾಡಿ. ಆ ಕೊರತೆ ಇಲ್ಲದ ಒಂದು ನಾಡು ಕಟ್ಟಿ, ಅವನಿಗೇ ಓದಿ ಹೇಳಿ. ಎಷ್ಟು ಬೇಕಾದರೂ ಸುಳ್ಳು ಹೇಳಿ, ಆದರೆ ಆ ನಾಡಿನೊಳಗೆ ಸುಳ್ಳು ಹೇಳಬೇಡಿ. ಕೇಳಿದವನು ಎದ್ದು ಚಪ್ಪಲಿ ಹುಡುಕಬೇಕು, ಆಗ ನೀವು ಗೆದ್ದಿರಿ. ಕರಿಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದರು: ಬೇಡಿದವನು ಸೋತ, ಬಯಸುವಂತೆ ಮಾಡಿದವನು ಗೆದ್ದ. ಬರೆದು, ಎರಡು ಹೆಜ್ಜೆ ಹಿಂದೆ ಸರಿದು, ತಾವೇ ಮೆಚ್ಚಿಕೊಂಡಿದ್ದರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುತ್ತಾರಲ್ಲ, ಇಲ್ಲಿ ಮೇಷ್ಟ್ರು ತಮ್ಮ ಬದನೆಕಾಯಿಗೇ ಒಂದು ಶಾಸ್ತ್ರ ಬರೆದುಕೊಂಡಿದ್ದರು.

ಸುನಿಲ್ದಾಳ ನಾಡು ಸೋಮವಾರವೇ ಅವರ ಕೈಗೆ ಬಂದಿತ್ತು. ಹತ್ತು ವರ್ಷದ ಹುಡುಗಿ, ಮುಂಗುರುಳು ಯಾವಾಗಲೂ ಬಾಯಲ್ಲಿ. ಒಲೆಯ ಮುಂದೆ ಕೂತು ಓದಿದ್ದರು. ಆ ನಾಡಿನಲ್ಲಿ ಮನೆಗಳಿಗೆ ಕಾಲಿವೆ. ಕತ್ತಲಾದ ಮೇಲೆ ಮನೆಗಳು ಒಂದನ್ನೊಂದು ಕಾಣಲು ಹೋಗುತ್ತವೆ, ಬೆನ್ನಿಗೆ ಬೆನ್ನು ಉಜ್ಜಿಕೊಳ್ಳುತ್ತವೆ, ಒಳಗೆ ಮಲಗಿದವರ ಗೊರಕೆಯ ಬಗ್ಗೆ ಚಾಡಿ ಹೇಳುತ್ತವೆ. ಒಂದು ಮನೆ ಮಾತ್ರ ದಂಡೆಯ ತುದಿಯಲ್ಲಿ ಎಲ್ಲರಿಗೂ ಬೆನ್ನು ಮಾಡಿ ನಿಂತಿರುತ್ತದೆ. ಅದರ ಕಿಟಕಿ ನೀಲಿ. ಸಮುದ್ರ ಅದರ ಹಿತ್ತಲನ್ನು ಮೇಕೆಯ ಹಾಗೆ ಅಂಚಿನಿಂದ ಮೇಯುತ್ತಿದೆ. ಊರವರು ಅದನ್ನು ಸೊಕ್ಕಿನ ಮನೆ ಅನ್ನುತ್ತಾರೆ. 'ಆದರೆ ಅದಕ್ಕೆ ಸೊಕ್ಕಿಲ್ಲ, ನಾಚಿಕೆ,' ಎಂದು ಬರೆದಿದ್ದಳು ಹುಡುಗಿ. 'ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.' ಮೇಷ್ಟ್ರು ತಲೆಯೆತ್ತಿ ತಮ್ಮ ನೀಲಿ ಕಿಟಕಿಯನ್ನು ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ, ಯಾರೂ ಇಲ್ಲದ ಮನೆಯಲ್ಲಿ ಎದ್ದು ಪರದೆ ಎಳೆದರು. ನಾಡು ಅದ್ಭುತವಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಕೊನೆಯಲ್ಲಿ ಒಂದು ಸಾಲು: 'ಆದ್ದರಿಂದ ಶನಿವಾರ ನೀವೆಲ್ಲ ಎತ್ತು ತನ್ನಿ, ಹಗ್ಗ ತನ್ನಿ, ಮೇಷ್ಟ್ರ ಮನೆಯನ್ನು ನಮ್ಮ ಹತ್ತಿರಕ್ಕೆ ಎಳೆಯೋಣ.' ಮೇಷ್ಟ್ರ ಕಿವಿ ಬಿಸಿಯಾಯಿತು. ಕೆಂಪು ಶಾಯಿಯ ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದರು. ಪಕ್ಕದಲ್ಲಿ, 'ಈ ಸಾಲು ಬೇಕಿಲ್ಲ. ಬೇಡಿಕೆಯಿಂದ ಬರವಣಿಗೆ ತೆಳುವಾಗುತ್ತದೆ,' ಎಂದು ಬರೆದರು. ಪೂರ್ತಿ ಅಂಕ ಕೊಟ್ಟರು. ಅಕ್ಷರ ದುಂಡಗೆ ಬಂದಿತ್ತು. ಇದು ಪಾಠದ ದೃಷ್ಟಿಯಿಂದ ಮಾಡಿದ್ದು ಎಂದು ಆ ರಾತ್ರಿ ತಮಗೆ ತಾವೇ ಎಷ್ಟು ಸಲ ಹೇಳಿಕೊಂಡರೆಂದರೆ ಬೆಳಗಾಗುವ ಹೊತ್ತಿಗೆ ಅದು ಹೆಚ್ಚುಕಡಿಮೆ ನಿಜವೇ ಆಗಿತ್ತು.

ತರಗತಿಯಲ್ಲಿ ಒದ್ದೆ ಉಣ್ಣೆಯ ವಾಸನೆ. ಮೊದಲು ಬಾಲ್ತಸಾರ್ ಎದ್ದ. ಅವನದು ಆಲೂಗಡ್ಡೆ ನೆಲದಿಂದಲೇ ಬೆಂದು ಬರುವ ನಾಡು, ಅಜ್ಜಿಗಾಗಿ ಬರೆದದ್ದು.

"ಓದಿದೆ ಮೇಷ್ಟ್ರೇ. ಅಜ್ಜಿ ಪೆಟ್ಟಿಗೆ ಕಟ್ಟಿ ಕೂತವಳೆ. ದೋಣಿ ಯಾವಾಗ ಅಂತ ಜೀವ ತಿಂತಾವಳೆ. ಈಗ ಏನ್ ಮಾಡ್ಲಿ?"

"ಅದು ಕಲ್ಪನೆ ಅಂತ ಹೇಳಲಿಲ್ಲವೇನೋ?"

"ಹೇಳ್ದೆ. ಸ್ವರ್ಗಾನೂ ಹಂಗೇ ಅಂತಾರೆ, ಆದ್ರೂ ಹೋಗ್ತಾರಲ್ಲ ಅಂದ್ಲು."

ಮೇಷ್ಟ್ರು ಸಂತೋಷದಿಂದ ಅಂಕ ಹಾಕಿದರು. ಒರ್ಫೆಲಿನಾ ಎಂಬ ಹುಡುಗಿ ತಿಂಗಳಿಗೊಮ್ಮೆ ದೋಣಿಯಲ್ಲಿ ಬರುವ ಪಾದ್ರಿಗಾಗಿ ಒಂದು ನಾಡು ಕಟ್ಟಿದ್ದಳು. ಅಲ್ಲಿ ಸಮುದ್ರಕ್ಕೆ ಅಲೆಯೇ ಇಲ್ಲ, ಪಾದ್ರಿಗೆ ವಾಂತಿ ಬರುವುದಿಲ್ಲ, ಆದರೆ ಜನ ಪಾಪ ಮಾಡಲು ಮೊದಲೇ ಅವರ ಅನುಮತಿ ಪಡೆಯಬೇಕು. ಪಾದ್ರಿ ಅದನ್ನು ಕೇಳಿ, ಯಾವ ಯಾವ ಪಾಪಕ್ಕೆ ಅರ್ಜಿ ಬಂದಿದೆ ಎಂದು ವಿಚಾರಿಸಿದರಂತೆ. ತರಗತಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಕೂಡ ನಕ್ಕರು, ಕೋಳಿಗೂಡಿನ ನೆನಪೇ ಹೋಗಿತ್ತು. ಆಗ ಸುನಿಲ್ದಾ ಎದ್ದು ಮುಂಗುರುಳನ್ನು ಬಾಯಿಂದ ತೆಗೆದಳು.

"ನಾನು ಎಲ್ಲಾರ ಮನೇಗೂ ಹೋಗಿದ್ದೆ ಮೇಷ್ಟ್ರೇ."

"ಒಬ್ಬರಿಗೆ ಓದು ಅಂದಿದ್ದೆನಲ್ಲಮ್ಮ."

"ಒಬ್ಬರ ಕೈಲಿ ಮನೆ ಎಳೆಯಕ್ಕೆ ಆಗಲ್ವಲ್ಲ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ಮಕ್ಕಳ ನೋಟವಲ್ಲ, ಮನೆಯಲ್ಲಿ ದೊಡ್ಡವರು ಮಾತಾಡಿಕೊಂಡದ್ದನ್ನು ಕದ್ದು ಕೇಳಿಸಿಕೊಂಡು ಬಂದವರ ನೋಟ. ಮೇಷ್ಟ್ರು ಕೈಯಲ್ಲಿದ್ದ ಸೀಮೆಸುಣ್ಣವನ್ನು ನೋಡುತ್ತ, "ಏನಂದ್ರು?" ಎಂದರು.

"ಎಲ್ಲಾರಿಗೂ ಇಷ್ಟ ಆಯ್ತು. ಅಂಗಡಿ ಲುದೊವಿನಾ ಅತ್ತೆ ಅತ್ತೇಬಿಟ್ರು. ಆಮೇಲೆ ಎಲ್ಲಾರೂ, 'ಸರಿ ಮಗಾ, ಆಮೇಲೆ?' ಅಂದ್ರು. ಆಮೇಲೆ ಒಂದು ಸಾಲಿತ್ತು, ಮೇಷ್ಟ್ರು ಹೊಡೆದುಹಾಕವ್ರೆ ಅಂದೆ."

"ಆ ಸಾಲನ್ನ ಓದಿದೆಯಾ?"

"ಇಲ್ಲ ಮೇಷ್ಟ್ರೇ. ಹೊಡೆದುಹಾಕಿದ್ದನ್ನ ಓದಬಾರ್ದು ಅಂತ ನೀವೇ ಹೇಳಿದೀರಲ್ಲ. ನಾನ್ ಓದ್ಲಿಲ್ಲ." ಹುಡುಗಿ ಹಾಳೆಯನ್ನು ಎತ್ತಿ ಹಿಡಿದಳು. "ಹಾಳೆ ತೋರ್ಸಿದೆ. ಅವರೇ ಓದ್ಕೊಂಡ್ರು."

ಯಾರೋ ಕಿಸಕ್ಕೆಂದರು. ಮೇಷ್ಟ್ರು ಕತ್ತಿನ ಪಟ್ಟಿ ಸಡಿಲಿಸಿಕೊಂಡರು. ಇಂಥ ಹೊತ್ತಿಗೆ ಪಾಠವೇ ಆಸರೆ. ಕರಿಹಲಗೆಯ ಕಡೆ ಕೈ ತೋರಿಸಿ, ನಮ್ಮ ಸೂತ್ರವೇನು ಎಂದು ಕೇಳಿದರು. ಬೇಡಿದವನು ಸೋತ, ಎಂದು ಮಕ್ಕಳು ರಾಗವಾಗಿ ಹೇಳಿದರು. ಸುನಿಲ್ದಾ ಹೇಳಲಿಲ್ಲ.

"ಮೇಷ್ಟ್ರೇ, ಕೇಳಿದೋರು ಎದ್ದು ಬಂದ್ರೆ ಗೆದ್ದಂಗೆ ಅಂತ ಅಂದಿದ್ರಿ. ಎಲ್ಲಾರೂ ಒಪ್ಪಿದ್ರು. ಯಾರೂ ಏಳ್ಲಿಲ್ಲ. ಮೇಷ್ಟ್ರು ಕೇಳ್ಲಿ ಬರ್ತೀವಿ ಅಂತ ಕೂತವ್ರೆ. ಹಂಗಾದ್ರೆ ನಂದು ಸೋತಂಗಲ್ವಾ?"

"ಹಾಗಲ್ಲ..."

"ಸೋತಿದ್ದಕ್ಕೆ ಪೂರ್ತಿ ಮಾರ್ಕು ಯಾಕೆ ಕೊಟ್ರಿ?"

ಕೆಣಕಲು ಕೇಳಿದ್ದಲ್ಲ ಅದು. ಹುಡುಗಿಗೆ ನಿಜವಾಗಿ ಗೊತ್ತಾಗಬೇಕಿತ್ತು, ಹುಬ್ಬು ಗಂಟಿಕ್ಕಿಕೊಂಡು ಕಾಯುತ್ತಿದ್ದಳು. ಕೆಣಕಿದ್ದರೆ ಮೇಷ್ಟ್ರು ಗದರಿಸಿ ಪಾರಾಗುತ್ತಿದ್ದರು. ಅವರ ಬಳಿ ಉತ್ತರಗಳಿಗೇನೂ ಬರವಿರಲಿಲ್ಲ; ಬರವಣಿಗೆಯ ಗೆಲುವು ಬೇರೆ, ಕೆಲಸದ ಗೆಲುವು ಬೇರೆ ಎನ್ನಬಹುದಿತ್ತು, ಓದುಗನ ಮನಸ್ಸಿನ ಒಳಗೆ ಬೀಜ ಬಿದ್ದರೆ ಸಾಕು ಎನ್ನಬಹುದಿತ್ತು. ಎಲ್ಲವೂ ನಾಲಿಗೆಯ ತುದಿಗೆ ಬಂದವು, ಅಲ್ಲೇ ಸಾಲಾಗಿ ಕೂತವು, ಬೆಳಗಿನ ಕೋಳಿಗಳಂತೆ ಅವರನ್ನೇ ನೋಡಿದವು. ಈ ಮಗು ಮಳೆಯಲ್ಲಿ ಮನೆ ಮನೆ ಅಲೆದಿದೆ. ತಾನು ಕೆಂಪು ಶಾಯಿಯಲ್ಲಿ ಅದರ ಬಾಯಿ ಕಟ್ಟಿ ಕಳಿಸಿದೆ. ನಾಚಿಕೆಗೇಡು ಎಂದು ಮೇಷ್ಟ್ರಿಗೆ ಅನಿಸಿತು, ಬಿಡಿಸಿ ಹೇಳುವಂಥದ್ದೇನೂ ಇಲ್ಲದ ಶುದ್ಧ ನಾಚಿಕೆಗೇಡು. ಹೊತ್ತಿಗೆ ಮುಂಚೆಯೇ ಗಂಟೆ ಬಾರಿಸಿಬಿಟ್ಟರು. ಮಕ್ಕಳು ಯಾಕೆಂದು ಕೇಳದೆ ಓಡಿಹೋದವು. ಸುನಿಲ್ದಾ ಮಾತ್ರ ಬಾಗಿಲಲ್ಲಿ ತಿರುಗಿ ನಿಂತು, ಉತ್ತರ ಸೋಮವಾರ ಹೇಳಿದರೂ ಆಗುತ್ತದೆ ಎಂದು ಹೇಳಿ ಹೋದಳು.

ಮನೆಗೆ ಹೋಗಲು ಅಂಗಡಿಯ ಮುಂದೆ ಹಾಯಲೇಬೇಕು. ತಲೆ ತಗ್ಗಿಸಿ ಹಾಯುವುದೆಂದು ನಿರ್ಧರಿಸಿದ್ದರು. ಆದರೆ ಅಂಗಡಿಯ ಎದುರಿಗೇ, ದೋಣಿ ಕಟ್ಟುವ ಗೂಟಕ್ಕೆ, ಅವರ ಕೋಳಿಗೂಡನ್ನು ಕಟ್ಟಿಹಾಕಲಾಗಿತ್ತು. ಲುದೊವಿನಾ ಕಟ್ಟೆಯ ಮೇಲೆ ಕೂತು ಚಿಪ್ಪುಮೀನು ಬಿಡಿಸುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಇಡೀ ದ್ವೀಪಕ್ಕೆ ಉಪ್ಪು, ಸಕ್ಕರೆ, ಸುದ್ದಿ ಮೂರನ್ನೂ ಒದಗಿಸುವವಳು.

"ನಿಮ್ಮ ಕೋಳಿಗೂಡು ಬೆಳಿಗ್ಗೆ ನಮ್ಮನೆಗೆ ಬಂತು ಮೇಷ್ಟ್ರೇ. ಪಾಪ, ಯಾರನ್ನೂ ಕೇಳ್ಕೊಳ್ದೆ ತಾನೇ ಈಜ್ಕೊಂಡು ಬಂತು. ಅದಕ್ಕಿರೋ ಬುದ್ಧಿ ಎಲ್ಲಾರಿಗೂ ಇರಲ್ಲ."

"ಗಾಳಿ ಜಾಸ್ತಿ ಇತ್ತು ರಾತ್ರಿ," ಎಂದರು ಮೇಷ್ಟ್ರು.

"ಗಾಳಿ. ಹೌದೌದು." ಅವಳು ಚಿಪ್ಪನ್ನು ಬುಟ್ಟಿಗೆ ಎಸೆದಳು. "ನಾನು ದೊಡ್ಡ ಹಂಡೆ ತೊಳೆದಿಟ್ಟಿದೀನಿ. ಸುಮ್ನೆ ತೊಳೆದೆ, ಮಸಿ ಹಿಡಿದಿತ್ತು. ನಮ್ಮನೆಯೋನು ಹಗ್ಗ ಒಣಗಿಸಿದಾನೆ, ಅದೂ ಸುಮ್ನೆ. ಊರೋರೆಲ್ಲ ಹಿಂಗೇ ಸುಮ್ನೆ ಏನೇನೋ ಮಾಡ್ಕೊಂಡು ಕೂತವ್ರೆ. ಹುಣ್ಣಿಮೆ ಮಾತ್ರ ಸುಮ್ನೆ ಕೂರಲ್ಲ ನೋಡಿ."

"ದೋನ್ಯಾ ಲುದೊವಿನಾ, ಆ ಮಗು ಬರೆದದ್ದು ಶಾಲೆಯ ಅಭ್ಯಾಸ. ಅದನ್ನ..." ಎಂದರು ಮೇಷ್ಟ್ರು, ದ್ವೀಪದ ಮರ್ಯಾದೆಯಂತೆ ಹೆಸರಿನ ಮುಂದೆ ದೋನ್ಯಾ ಸೇರಿಸಿ.

"ಮಗು ಚೆನ್ನಾಗೇ ಬರೆದದೆ. ಓದಿ ನಾನೂ ಅತ್ತುಬಿಟ್ಟೆ. ಅತ್ತಿದ್ದಕ್ಕೆಲ್ಲ ಹಗ್ಗ ಹಿಡಿಯಕ್ಕೆ ಆಗಲ್ಲ, ಮನೆ ಮಗೂದಲ್ಲ." ಕತ್ತಿಯನ್ನು ಲಂಗದ ಅಂಚಿಗೆ ಒರೆಸಿ, ಮೊದಲ ಬಾರಿಗೆ ನೇರವಾಗಿ ಅವರ ಮುಖ ನೋಡಿದಳು. "ಮೊದಲು ದೋನ್ ಕುಸ್ತೋದಿಯೊ ಮನೆಗೆ ಹೋಗಿ. ಎತ್ತು ಅವರದು, ಅವರು ಹ್ಞೂ ಅಂದ್ರೆ ಉಳಿದಿದ್ದು ತಾನೇ ಆಗ್ತದೆ. ಬರೆದುಗಿರೆದು ಮಾತ್ರ ಕಳಿಸ್ಬೇಡಿ, ಒಲೆಗೆ ಹಾಕ್ತಾರೆ."

ಬರೆದು ಕಳಿಸುವ ಯೋಚನೆ ಆ ಕ್ಷಣದಲ್ಲೇ ಮೇಷ್ಟ್ರ ತಲೆಯಲ್ಲಿ ಅರ್ಧ ಪುಟ ದಾಟಿತ್ತು. ಅದನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು.

ಕುಸ್ತೋದಿಯೊ ಮನೆ ಗುಡ್ಡದ ಮೇಲೆ. ಹತ್ತುವಾಗ ಮೇಷ್ಟ್ರು ತಮ್ಮ ಪಾಠವನ್ನು ತಮಗೇ ಹಾಕಿಕೊಂಡರು: ಈ ಮುದುಕನಿಗೊಂದು ನಾಡು ಕಟ್ಟು. ಅವನಿಗೇನು ಕೊರತೆ? ಎತ್ತಿವೆ, ಹೊಲವಿದೆ, ಹಲ್ಲಿವೆ. ಹೆಂಡತಿ ಎರ್ಮೆಲಿಂದಾ ಹೆಣೆದ ಅಂಗಿ ತೊಟ್ಟು ಭಾನುವಾರ ಪ್ರಾರ್ಥನೆಗೆ ಬಂದರೆ ಮದುವೆ ಗಂಡಿನಂತೆ ಕಾಣುತ್ತಾನೆ. ಎದುರು ಸಿಕ್ಕಾಗಲೆಲ್ಲ ಟೋಪಿ ತೆಗೆದು, ನಮಸ್ಕಾರ ಮೇಷ್ಟ್ರೇ, ಎನ್ನುತ್ತಾನೆ, ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನಿಗೆ ಬೇಕಾದದ್ದು ಈ ಲೋಕದಲ್ಲೇ ಸಿಕ್ಕಿಬಿಟ್ಟಿದೆ. ಹಾಗಿದ್ದವನನ್ನು ಏನು ತೋರಿಸಿ ಬಯಸುವಂತೆ ಮಾಡುವುದು? ಮುಪ್ಪಿಲ್ಲದ ಎತ್ತುಗಳ ನಾಡು? ಎತ್ತಿಗೇ ಮತದಾನದ ಹಕ್ಕಿರುವ ನಾಡು? ಮೇಷ್ಟ್ರು ಒಂದೊಂದನ್ನೇ ಕಟ್ಟಿದರು, ಒಂದೊಂದನ್ನೇ ಕೆಡವಿದರು. ಬೇಲಿಯ ಹತ್ತಿರ ಬರುವಷ್ಟರಲ್ಲಿ ಅರ್ಧ ಭೂಗೋಳ ಮುಗಿದಿತ್ತು, ಕೈ ಜೇಬಿನಲ್ಲೇ ಇತ್ತು. ನಾಯಿ ಬೊಗಳಲಿಲ್ಲ, ಬಾಲ ಅಲ್ಲಾಡಿಸಿತು. ಬೊಗಳಿದ್ದರೆ ವಾಪಸ್ಸು ಹೋಗಲು ಒಂದು ನೆಪವಾಗುತ್ತಿತ್ತು.

ಬಾಗಿಲು ತಟ್ಟಿದರು. ಉತ್ತರವಿಲ್ಲ. ಇನ್ನೊಮ್ಮೆ ತಟ್ಟಿದರು. ಒಳಗೆ ಒಲೆಯ ಮೇಲೆ ನೀರಿನ ಕೆಟಲು ಸಿಳ್ಳೆ ಹಾಕುತ್ತಿತ್ತು. ಕಿಟಕಿಯ ಪರದೆ ಅಲುಗಿತು. ಇದ್ದಾರೆ. ಇದ್ದೂ ಬಾಗಿಲು ತೆಗೆಯುತ್ತಿಲ್ಲ. ಅವಮಾನ ಕಾಲಿನಿಂದ ಏರಿ ಎದೆಗೆ ಬರುವಷ್ಟರಲ್ಲಿ ಮೇಷ್ಟ್ರಿಗೆ ಆ ಸಿಳ್ಳೆಯ ಗುರುತು ಹತ್ತಿತು. ಬೇರೆ ಅಡುಗೆಮನೆ, ಬೇರೆ ಕೆಟಲು, ಆದರೆ ಇದೇ ಸಿಳ್ಳೆ. ಬಹಳ ವರ್ಷಗಳ ಹಿಂದೆ, ಅವತ್ತು, ತಮ್ಮದೇ ಒಲೆಯ ಮೇಲೆ ಅದು ಎಷ್ಟು ಜೋರಾಗಿ ಕೂಗಿತ್ತು. ಕುಸ್ತೋದಿಯೊ ತಗ್ಗಿನ ಮನೆಯನ್ನು ಗುಡ್ಡದ ಮೇಲಕ್ಕೆ ತರಬೇಕೆಂದು ಬಾಗಿಲು ಬಾಗಿಲು ತಿರುಗುತ್ತಿದ್ದ ವರ್ಷ. ಮೇಷ್ಟ್ರು ಕಿಟಕಿಯಲ್ಲಿ ಅವನ ಟೋಪಿ ಬರುವುದನ್ನು ಕಂಡರು. ಶನಿವಾರ ಕೆಸರಿನಲ್ಲಿ ಹಗ್ಗ ಎಳೆಯುವುದು, ಕೈ ಬೊಬ್ಬೆ ಬರುವುದು, ಸೋಮವಾರ ಸೀಮೆಸುಣ್ಣ ಹಿಡಿಯಲಾಗದಿರುವುದು, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಒಲೆಯ ಹಿಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಮನೆಯಲ್ಲಿಲ್ಲದವನನ್ನು ಕೇಳಲಾಗದಲ್ಲ. ಕೆಟಲು ಮಾತ್ರ ಹೊಟ್ಟೆಕಿಚ್ಚಿನವರ ಹಾಗೆ ಊರಿಗೆಲ್ಲ ಕೇಳುವಂತೆ ಕಿರುಚಿತು. ಕುಸ್ತೋದಿಯೊ ಬಾಗಿಲ ಹೊರಗೆ ಬಹಳ ಹೊತ್ತು ನಿಂತಿದ್ದ. ಆಮೇಲೆ ಮೆಲ್ಲಗೆ, "ನೀರು ಕುದೀತಾ ಅದೆ ಮೇಷ್ಟ್ರೇ," ಎಂದು ಹೇಳಿ ಹೊರಟುಹೋದ. ಆ ದಯೆಯನ್ನು ಮೇಷ್ಟ್ರು ಇವತ್ತಿನವರೆಗೂ ಕ್ಷಮಿಸಿರಲಿಲ್ಲ.

ತಾವು ಬೇಡುವುದಕ್ಕೆ ಹೆದರಿದವರಲ್ಲ, ಅವತ್ತು ಅಡಗಿದ್ದವರೆಂದು ಸಿಕ್ಕಿಬೀಳುವುದಕ್ಕೆ ಹೆದರಿದವರು ಎಂದು ಅವರಿಗೆ ಆ ಬಾಗಿಲಲ್ಲಿ ನಿಂತಾಗ ತಿಳಿಯಿತು. ಎಷ್ಟು ಅಂದವಾದ ಸೂತ್ರ ಬರೆದು ಮುಚ್ಚಿಟ್ಟಿದ್ದರು ಅದನ್ನು. ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ದೋನ್ ಕುಸ್ತೋದಿಯೊ, ನಾನು ಎವಾರಿಸ್ತೊ."

"ಮನೇಲಿ ಯಾರೂ ಇಲ್ಲ ಮೇಷ್ಟ್ರೇ," ಎಂದಿತು ಒಳಗಿನಿಂದ ಕುಸ್ತೋದಿಯೊ ದನಿ.

ಮೇಷ್ಟ್ರು ಬಾಗಿಲ ಹಲಗೆಯನ್ನು ನೋಡುತ್ತ ನಿಂತರು. "ಹಾಗಿದ್ರೆ ಯಾರು ಇಲ್ಲವೋ ಅವರಿಗೇ ಹೇಳ್ತೀನಿ. ಮೊದಲನೆಯದಾಗಿ, ನಮ್ಮ ದಂಡೆಯ ಪರಿಸ್ಥಿತಿ ತಮಗೆ ತಿಳಿದೇ ಇದೆ. ಎರಡನೆಯದಾಗಿ, ಪರಸ್ಪರ ಸಹಕಾರ ಅನ್ನೋದು ನಮ್ಮ ದ್ವೀಪದ..."

"ಅದು ಅರ್ಜಿ. ನನ್ನದು ಕಚೇರಿ ಅಲ್ಲ."

ಕೆಟಲಿನ ಸಿಳ್ಳೆ ನಿಂತಿತು, ಯಾರೋ ಇಳಿಸಿದರು. ಆ ನಿಶ್ಶಬ್ದದಲ್ಲಿ ಮೇಷ್ಟ್ರ ಮಾತುಗಳೆಲ್ಲ ಎಲ್ಲಿಗೆ ಹೋದವೋ. ಒಂದೇ ಒಂದು ಉಳಿದಿತ್ತು, ಅದು ಬಹಳ ಹಳೆಯದು.

"ಅವತ್ತು ನಾನು ಮನೇಲಿದ್ದೆ ಕುಸ್ತೋದಿಯೊ. ಒಲೆ ಹಿಂದೆ ಬಚ್ಚಿಟ್ಕೊಂಡು ಕೂತಿದ್ದೆ."

"ಗೊತ್ತು. ಕಾಲು ಕಾಣ್ತಿತ್ತು."

ಬಾಗಿಲು ತೆರೆಯಿತು. ಕುಸ್ತೋದಿಯೊ ಟೋಪಿಯಿಲ್ಲದ ತಲೆಯಲ್ಲಿ ಇನ್ನೂ ಮುದುಕನಾಗಿ ಕಂಡ. ನಗಲಿಲ್ಲ, ಆದರೆ ನಗದಿರಲು ಕಷ್ಟಪಡುತ್ತಿದ್ದ. ಒಲೆಯ ಪಕ್ಕದ ಬೆಂಚಿನಲ್ಲಿ ಮೇಷ್ಟ್ರಿಗೆ ಜಾಗ ಮಾಡಿದ, ಯೆರ್ಬಾ ಎಂಬ ಎಲೆಯ ಕಷಾಯ ತುಂಬಿದ ಸೋರೆಬುರುಡೆಯನ್ನು ಕೈಗಿಟ್ಟ. ಎದುರಿಗೆ ಎರ್ಮೆಲಿಂದಾ ಕಪ್ಪು ಉಣ್ಣೆ ಹೆಣೆಯುತ್ತ ಕೂತಿದ್ದಳು, ಬಂದವರ ಕಡೆ ತಲೆಯೆತ್ತಲಿಲ್ಲ. ಗಾಳಿಯ ಮಾತಾಯಿತು. ಮಳೆಯ ಮಾತಾಯಿತು. ಬೀಜದ ಆಲೂಗಡ್ಡೆಗೆ ಕೊಳೆ ರೋಗ ಬಂದದ್ದೂ ಆಯಿತು. ಮೇಷ್ಟ್ರು ಬುರುಡೆ ಹಿಂದಿರುಗಿಸಿ ಬಾಯಿ ತೆರೆದರು.

"ಸ್ವಲ್ಪ ತಡೀರಿ," ಎಂದ ಕುಸ್ತೋದಿಯೊ. "ಎತ್ತು ನನ್ನವಲ್ಲ. ಇವಳ ತವರಿಂದ ಬಂದ ತಳಿ, ಇವಳ ಹೆಸರಲ್ಲೇ ಅವೆ. ಕೇಳೋದಿದ್ರೆ ಇವಳನ್ನ ಕೇಳಿ. ಈ ನಡುವೆ ಕಿವಿ ಕೊಂಚ ಮಂದ ಆಗದೆ, ಜೋರಾಗಿ ಹೇಳಿ."

ಮೇಷ್ಟ್ರು ಎರ್ಮೆಲಿಂದಾಳ ಕಡೆ ತಿರುಗಿ ಕೂತರು. ಕುಸ್ತೋದಿಯೊಗೆಂದು ಜೋಡಿಸಿಟ್ಟಿದ್ದ ಮಾತನ್ನು ಹೊಸದಾಗಿ ಎತ್ತಿಕೊಂಡರು. "ದೋನ್ಯಾ ಎರ್ಮೆಲಿಂದಾ, ನಮ್ಮ ಮನೆ ಹಿಂದಿನ ದಂಡೆ ಕುಸೀತಾ ಇದೆ, ನಿಮಗೆ ತೊಂದರೆ ಕೊಡೋದಕ್ಕೆ ಸಂಕೋಚ, ಆದರೂ ತಾವು ದೊಡ್ಡ ಮನಸ್ಸು ಮಾಡಿ ಎತ್ತುಗಳನ್ನ ಒದಗಿಸಿಕೊಟ್ಟರೆ ಬಹಳ ಉಪಕಾರವಾಗ್ತದೆ."

ಹೆಣಿಗೆ ಕಡ್ಡಿಗಳು ಓಡುತ್ತಲೇ ಇದ್ದವು. "ಏನಂತೆ?" ಎಂದು ಅವಳು ಗಂಡ‌ನನ್ನು ಕೇಳಿದಳು.

"ಕೇಳಿಸ್ಲಿಲ್ವಂತೆ," ಎಂದ ಕುಸ್ತೋದಿಯೊ, ಕಿಟಕಿಯ ಕಡೆ ಮುಖ ಮಾಡಿ.

ಮೇಷ್ಟ್ರು ದನಿ ಎತ್ತರಿಸಿದರು. ದನಿ ಎತ್ತರಿಸಿದಾಗ ಸಂಕೋಚ, ದೊಡ್ಡ ಮನಸ್ಸು, ಉಪಕಾರ ಇವೆಲ್ಲ ಹೊರಲಾರದ ಭಾರವಾದವು, ದಾರಿಯಲ್ಲೇ ಕಳಚಿಬಿದ್ದವು. "ಮನೆ ಎಳೀಬೇಕು. ನಿಮ್ಮ ಎತ್ತು ಬೇಕು. ನಿಮ್ಮ ಯಜಮಾನರೂ ಬೇಕು."

"ಏನಂತೆ ಇವರದು, ಗೊಣಗೊಣ?"

ಬೆವರು ಕಿತ್ತುಕೊಂಡು ಬಂತು. ನಾಳೆ ಇದು ಅಂಗಡಿಯ ಕಟ್ಟೆಯ ಮೇಲೆ ಆಡಿ ತೋರಿಸುವ ನಾಟಕವಾಗುತ್ತದೆ, ಲುದೊವಿನಾ ತಮ್ಮ ಪಾತ್ರ ಮಾಡುತ್ತಾಳೆ, ಕಿವಿಯ ಬಣ್ಣ ಸಮೇತ. ಆಗಲಿ ಅನಿಸಿತು. ಯಾಕೆ ಹಾಗನಿಸಿತೆಂದು ಅವರಿಗೇ ತಿಳಿಯಲಿಲ್ಲ. ಎದ್ದು ನಿಂತರು. ತರಗತಿಯ ಹಿಂದಿನ ಬೆಂಚಿಗೆ ಕೂಗುವ ದನಿ ಅವರಲ್ಲಿತ್ತು, ಇಪ್ಪತ್ತು ವರ್ಷ ಬೇರೆಯವರ ಮಕ್ಕಳ ಮೇಲೆ ಪಳಗಿಸಿದ್ದು. ಅದನ್ನೇ ಪೂರ್ತಿ ಬಿಟ್ಟರು.

"ಮನೆ ಬೀಳ್ತದೆ ಎರ್ಮೆಲಿಂದಾ. ರಾತ್ರಿ ನಿದ್ದೆ ಬರಲ್ಲ, ಹೆದರಿಕೆ ಆಗ್ತದೆ. ನನ್ನೊಬ್ಬನ ಕೈಲಿ ಆಗಲ್ಲ. ಬನ್ನಿ."

ಹೊರಗೆ ನಾಯಿ ಬೊಗಳಿತು, ಆಚೆ ಗುಡ್ಡದ ನಾಯಿ ಅದಕ್ಕೆ ಉತ್ತರ ಕೊಟ್ಟಿತು. ಮೇಷ್ಟ್ರ ಕಣ್ಣಲ್ಲಿ ನೀರು ಬಂದಿತ್ತು, ಜೊತೆಗೇ ವಿಚಿತ್ರವಾದ ನಗುವೂ ಬರುತ್ತಿತ್ತು, ಎರಡನ್ನೂ ಒಟ್ಟಿಗೆ ತಡೆಯಲಾಗದೆ ಬೆಂಚಿನ ಮೇಲೆ ಕುಸಿದು ಕೂತರು. ಎರ್ಮೆಲಿಂದಾ ಸಾಲು ಮುಗಿಸಿ ಗಂಟು ಹಾಕಿದಳು, ಉಣ್ಣೆಯ ಉಂಡೆಯನ್ನು ಬುಟ್ಟಿಗೆ ಹಾಕಿದಳು. ಬುರುಡೆಗೆ ಬಿಸಿನೀರು ತುಂಬಿ ಅವರ ಕೈಗೆ ಕೊಡುತ್ತ, ಸಾಧಾರಣ ದನಿಯಲ್ಲಿ ಹೇಳಿದಳು:

"ಬೆಳಿಗ್ಗೆ ಬೇಗನೇ ಎತ್ತು ಹೊಡ್ಕೊಂಡು ಬರ್ತಾರೆ, ದಿಮ್ಮಿ ತಯಾರಿಟ್ಟಿರಿ. ಮೊದಲನೇ ಸಲಾನೇ ಕೇಳಿಸ್ತು ಮೇಷ್ಟ್ರೇ. ಇಷ್ಟು ವರ್ಷ ಕಾದಿದ್ದು, ಒಂದೇ ಸಲ ಕೇಳಿಸ್ಕೊಂಡು ಬಿಡಕ್ಕಾಗ್ತದಾ?"

ಮೇಷ್ಟ್ರು ಕಷಾಯ ಕುಡಿದು ಮುಗಿಸಿ ಬುರುಡೆಯನ್ನು ಮೊಣಕಾಲ ಮೇಲಿಟ್ಟುಕೊಂಡರು. ಆಮೇಲೆ, ಯಾರೂ ಹೇಳದಿದ್ದರೂ, ಮನೆ ಎಳೆಯಲು ಬನ್ನಿ ಎಂದು ಇನ್ನೊಂದು ಸಲ, ಈ ಸಲ ಕೂಗದೆ, ಕೇಳಿದರು.